ಎಲ್ಲರೂ ಹತ್ತಿರದಲ್ಲೇ

ತಾಯಿಮಣಿ ಬಾಯಿ ಮುಚ್ಚಿಕೊಂಡ ಮೇಲೆ ಗುರುಲಿಂಗನಿಗೆ ಒಳ್ಳೆಯ ನಿದ್ದೆ ಬರತೊಡಗಿತು. ಸುಖ ಮನೆ ಬಾಗಿಲಿಗೆ ಬಂದಾಗ ನೀನು ಯಾವ ದಾರಿಯಿಂದ ಬಂದೆಯಪ್ಪಾ ಎಂದು ಕೇಳುವ ಜಾಯಮಾನ ಅವನದಲ್ಲ. ಕೇಳಿದ್ದರೆ ಈ ಕತೆ ಹೇಳುವ ಪ್ರಸಂಗವೇ ಬರುತ್ತಿರಲಿಲ್ಲ.

ಬಶೀರಾಬಾದಿನಿಂದ ಗಡಿಯ ಕಡೆ ಹೋಗುವ ರಸ್ತೆಯ ಮೇಲೆ ಅವನ ಊರು. ಮನೆಯಲ್ಲಿ ನಾಲ್ಕೇ ಜನ: ಅವನು, ಹೆಂಡತಿ ಭವಾನಿ, ತಾಯಿ ಮೋನಮ್ಮ, ತಂದೆ ಕಾಶಪ್ಪ. ತಲೆತಲಾಂತರದಿಂದ ಕುರಿ ಸಾಕಿಕೊಂಡು ಬಂದ ಮನೆತನ. ಕಾಶಪ್ಪನಿಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಒಂದು ಕಣ್ಣಿನ ಆಪರೇಷನ್ ನೆಟ್ಟಗಾಗಲಿಲ್ಲ, ಇನ್ನೊಂದಕ್ಕೆ ಅವನು ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಕುರಿಯ ಬೆನ್ನ ಮೇಲೆ ಕೈಯಾಡಿಸಿದರೆ ಅದು ಯಾವ ಕುರಿ, ಅದರ ತಾಯಿ ಯಾವುದು ಎಂದು ಹೇಳುತ್ತಿದ್ದ. ಆದರೆ ಹತ್ತು ಮಾರು ಆಚೆ ನಿಂತಿರುವುದು ಜಾಲಿಗಿಡವೋ ಮನುಷ್ಯನೋ ಎಂದು ಹೇಳಲಾಗುತ್ತಿರಲಿಲ್ಲ.

ಅಂಥವನನ್ನು ಹಿಂಡಿನ ಜೊತೆ ಒಬ್ಬನನ್ನೇ ಕಳಿಸಬಾರದೆಂದು ಭವಾನಿ ಗಂಡನಿಂದ ಮಾತು ತೆಗೆದುಕೊಂಡಿದ್ದಳು. ಕುರಿ ಮೇಯುವ ಬೀಳುನೆಲದ ಆಚೆ ಒಂದು ಹಳೆಯ ಫರಸಿ ಕಲ್ಲಿನ ಖಣಿ ಇತ್ತು. ಕಲ್ಲು ಮುಗಿದ ಮೇಲೆ ಯಾರೋ ಬೇಲಿಯನ್ನೂ ಹಾಕದೆ ಬಿಟ್ಟುಹೋದ ಗುಂಡಿ. ಅಂಚಿನ ತನಕ ಹುಲ್ಲು, ಅಂಚಿನ ಆಚೆ ಬರೀ ಗಾಳಿ. ಊರವರೆಲ್ಲ ಅದನ್ನು ಕಂಡವರೇ. ಹಗಲು ಕಂಡ ಬಾವಿಗೆ ಇರುಳು ಬೀಳುವವರು ಎಲ್ಲ ಊರಲ್ಲೂ ಇರುತ್ತಾರೆ, ಕಾಶಪ್ಪನಿಗಂತೂ ಹಗಲೂ ಇರುಳಿನ ಹಾಗೆಯೇ ಆಗಿತ್ತು.

ಆದರೆ ಗುರುಲಿಂಗನಿಗೆ ತಾಂಡೂರಿನ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತ್ತು. ಪಾಳಿ ಇದ್ದ ದಿನ ಹಿಂಡಿನ ಹಿಂದೆ ಯಾರು? ಈ ಪ್ರಶ್ನೆಗೆ ಮನೆಯಲ್ಲಿ ದಿನಾ ಜಗಳವಾಗುತ್ತಿತ್ತು. ಆ ಹೊತ್ತಿಗೆ ದೇವರು ಕೊಟ್ಟ ಹಾಗೆ ಜಹೀರಾಬಾದಿನ ಒಂದು ಕಂಪನಿಯಿಂದ ಪ್ರವೀಣಕುಮಾರ ಎಂಬ ಎಂಜಿನಿಯರು ಮೋಟಾರ್ ಸೈಕಲ್ ಮೇಲೆ ಬಂದ. ಹೊಸದೊಂದು ಸಾಮಾನು ಮಾಡಿದ್ದೇವೆ, ಪರೀಕ್ಷೆಗೆ ಒಂದು ಹಿಂಡು ಬೇಕು, ನೀವು ಏನೂ ಕೊಡಬೇಕಾಗಿಲ್ಲ ಎಂದ.

ಸಾಮಾನೆಂದರೆ ಅಡಿಕೆ ಗಾತ್ರದ ಮಣಿಗಳು. ಕುರಿಗೊಂದರಂತೆ ಕೊರಳಿಗೆ ಕಟ್ಟುವಂಥವು. ಅವುಗಳ ಜೊತೆಗೆ ಬೆಲ್ಲದಚ್ಚಿನಷ್ಟು ದೊಡ್ಡದೊಂದು. ಮೋನಮ್ಮ ಅದನ್ನು ನೋಡಿದ ಗಳಿಗೆಯಲ್ಲೇ ತಾಯಿಮಣಿ ಎಂದು ಹೆಸರಿಟ್ಟಳು. ಪ್ರವೀಣಕುಮಾರ ಅಂಗಳದಲ್ಲಿ ಕೂತು ತಾಳ್ಮೆಯಿಂದ ವಿವರಿಸಿದ. ಮಂಜಿನಲ್ಲಿ ಒಬ್ಬ ಕುರುಬ ಕೂಗಿದರೆ ಇನ್ನೊಬ್ಬ ಓ ಎನ್ನುತ್ತಾನಲ್ಲ, ಆ ಓ ಬರಲು ಎಷ್ಟು ಹೊತ್ತಾಯಿತು ಎಂಬುದರ ಮೇಲೆ ಅವನು ಎಷ್ಟು ದೂರದಲ್ಲಿದ್ದಾನೆ ಎಂದು ತಿಳಿಯುತ್ತದಲ್ಲ, ಇದೂ ಹಾಗೆಯೇ. ತಾಯಿಮಣಿ ಕೂಗುತ್ತದೆ, ಮಣಿಗಳು ಸರದಿಯ ಪ್ರಕಾರ ಓ ಎನ್ನುತ್ತವೆ. ಎಲ್ಲವೂ ಸದಾ ಕೂಗಾಡುತ್ತಿದ್ದರೆ ಬ್ಯಾಟರಿ ವಾರದಲ್ಲಿ ಮುಗಿಯುತ್ತದೆ. ಅದಕ್ಕೇ ಅಲ್ಲಾಡದೆ ಇರುವ ಮಣಿ ತಾನೂ ಮಲಗಿಬಿಡುತ್ತದೆ, ಆಗೊಮ್ಮೆ ಈಗೊಮ್ಮೆ ಎದ್ದು ಇದ್ದೇನೆ ಎಂದು ಹೇಳಿ ಮತ್ತೆ ಮಲಗುತ್ತದೆ. ಹೀಗಾಗಿ ಎರಡು ವರ್ಷ ಬ್ಯಾಟರಿ ಬದಲಿಸುವ ಗೊಡವೆಯಿಲ್ಲ.

ಮೊಬೈಲಿನಲ್ಲಿ ಎಲ್ಲವೂ ಕಾಣುತ್ತಿತ್ತು. ಒಂದೊಂದು ಕುರಿಗೂ ಒಂದೊಂದು ಚುಕ್ಕೆ, ಪಕ್ಕದಲ್ಲಿ ತಾಯಿಮಣಿಯಿಂದ ಎಷ್ಟು ಮೀಟರ್ ಎಂಬ ಅಂಕಿ. ಹತ್ತಿರವಿದ್ದರೆ ಹಸಿರು, ದೂರ ಹೋದರೆ ಕೆಂಪು. ಕೆಂಪಾದ ಕೂಡಲೇ ತಾಯಿಮಣಿ ಹೊಲವೆಲ್ಲ ಕೇಳುವ ಹಾಗೆ ಅರಚುತ್ತಿತ್ತು. ಮಲಗಿದ ಮಣಿಯ ಚುಕ್ಕೆಯ ಮೇಲೆ ಒಂದು ಪುಟ್ಟ ಚಂದ್ರ ಮೂಡುತ್ತಿತ್ತು. ಸಂಜೆ ದೊಡ್ಡಿಯಲ್ಲಿ ಕುರಿಗಳು ಒಂದೊಂದೇ ಮಲಗುವಾಗ ಪರದೆಯ ಮೇಲೆ ಚಂದ್ರಗಳು ಒಂದೊಂದೇ ಮೂಡುವುದನ್ನು ನೋಡುವುದೆಂದರೆ ಮೋನಮ್ಮನಿಗೆ ಪ್ರಾಣ. ಎಲ್ಲ ಚಂದ್ರಗಳೂ ಬಂದ ಮೇಲೆಯೇ ಅವಳು ಊಟಕ್ಕೆ ಕೂರುತ್ತಿದ್ದಳು.

ಭವಾನಿ ಒಂದು ಮಣಿ ಹೆಚ್ಚಿಗೆ ಕೇಳಿ ಪಡೆದು ಕಾಶಪ್ಪನ ಕೋಲಿಗೆ ಕಟ್ಟಿಸಿದಳು. ಆ ಚುಕ್ಕೆಗೆ ‘ಮಾವ’ ಎಂದು ಹೆಸರು ಬರೆದಳು. ಹೋಗುವಾಗ ಪ್ರವೀಣಕುಮಾರ ಒಂದು ಮಾತನ್ನು ಎರಡೆರಡು ಸಲ ಹೇಳಿದ. ತಾಯಿಮಣಿಯನ್ನು ಗೂಟಕ್ಕೆ ಕಟ್ಟಿ ಆ ಗೂಟವನ್ನು ಖಣಿಯಿಂದ ದೂರಕ್ಕೆ, ದಿನಾ ಮುಂಜಾನೆ ಬೀಳಿನ ನಡುವೆ ಬಡಿಯಬೇಕು, ಸಂಜೆ ದೊಡ್ಡಿಗೆ ತರಬೇಕು. ಗೂಟ ನಿಂತಲ್ಲೇ ನಿಂತಿದ್ದರೆ ಒಂದು ಕುರಿಯೂ ಸುಳಿವು ಕೊಡದೆ ಖಣಿಯ ಕಡೆ ಹೋಗಲಾರದು.

ಕಾಶಪ್ಪ ಆ ಮಾತನ್ನು ಸೆರಗಿನ ಗಂಟಿನ ಹಾಗೆ ಕಟ್ಟಿಟ್ಟುಕೊಂಡ. ಕಣ್ಣು ಹೋದ ಮೇಲೆ ಮನೆಯ ಮೂಲೆಯಲ್ಲಿ ಕೂತು ಕೊಳೆಯುತ್ತಿದ್ದವನಿಗೆ ಮತ್ತೆ ಹಿಂಡು ಸಿಕ್ಕಿತ್ತು. ದಿನಾ ಮುಂಜಾನೆ ಕಂಬಳಿ ಹೊದ್ದುಕೊಳ್ಳುತ್ತ ಮಗನನ್ನು ಕೇಳುತ್ತಿದ್ದ.

“ಗೂಟ ಬಡದಿ ಏನೋ ಗುರು?”

“ಬಡದೀನಿ ಅಪ್ಪಾ.”

ಅಷ್ಟು ಕೇಳಿದರೆ ಸಾಕು, ಕೋಲು ತೆಗೆದುಕೊಂಡು ಹೊರಡುತ್ತಿದ್ದ. ತಾಯಿಮಣಿ ಅರಚಿದರೆ ಹಿಂಡನ್ನು ಹಿಂದಕ್ಕೆ ಕೂಗುವುದು, ಸುಮ್ಮನಿದ್ದರೆ ತಾನೂ ಸುಮ್ಮನೆ ನಡೆಯುವುದು. ಕಣ್ಣಿನ ಕೆಲಸವನ್ನು ಅವನ ಕಿವಿ ವಹಿಸಿಕೊಂಡಿತ್ತು.

ಆದರೆ ಅದು ಅರಚಿದ್ದೇ ಅರಚಿದ್ದು. ಯಾಕೆಂದರೆ ಹಿಂಡಿನಲ್ಲಿ ಬೀರಪ್ಪನ ಟಗರು ಇತ್ತು.

ದೇವರ ಹೆಸರಿಗೆ ಬಿಟ್ಟ ಟಗರೆಂದರೆ ಅದಕ್ಕೆ ಹಗ್ಗವಿಲ್ಲ, ಕತ್ತರಿಯಿಲ್ಲ, ಸಂತೆಯಿಲ್ಲ. ಕೊರಳಲ್ಲಿ ಭಂಡಾರದ, ಎಂದರೆ ದೇವರ ಅರಿಶಿನದ ಪುಡಿಯ ಒಂದು ಚೀಲ, ಅಷ್ಟೇ. ಅದು ನಡೆದ ದಿಕ್ಕಿಗೆ ಯಾರೂ ಅಡ್ಡ ನಿಲ್ಲುವಂತಿಲ್ಲ. ಯಾರ ಹೊಲಕ್ಕೆ ನುಗ್ಗಿದರೂ ಹೊಲದವರು ಕೈಮುಗಿಯುತ್ತಾರೆಯೇ ಹೊರತು ಕಲ್ಲೆತ್ತುವುದಿಲ್ಲ. ಆದ್ದರಿಂದ ಅದಕ್ಕೆ ಮಣಿ ಕಟ್ಟಲು ಮೋನಮ್ಮ ಬಿಡಲಿಲ್ಲ. ದೇವರಿಗೆ ಕಾವಲೇ ಎಂದು ಪ್ರವೀಣಕುಮಾರನ ಕೈ ಸರಿಸಿದಳು. ಟಗರು ತನ್ನ ಪಾಡಿಗೆ ತಾನು ಹೊರಡುತ್ತಿತ್ತು, ಕುರಿಗಳು ಕಣ್ಣು ಮುಚ್ಚಿಕೊಂಡು ಅದರ ಹಿಂದೆ ಹೊರಡುತ್ತಿದ್ದವು, ತಾಯಿಮಣಿ ಬಾಯಿ ಮಾಡುತ್ತಿತ್ತು. ಕಾಶಪ್ಪ ಎದ್ದು ಬಿದ್ದು ಓಡುತ್ತಿದ್ದ. ಟಗರನ್ನು ತಡೆಯುವಂತಿಲ್ಲ, ಕುರಿಗಳು ಟಗರನ್ನು ಬಿಡುವುದಿಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ ಮುದುಕನ ಪ್ರಾಣ ಹಣ್ಣಾಯಿತು. ಅಕ್ಕಪಕ್ಕದ ಹೊಲದವರು ನಕ್ಕರು, ಗುರುಲಿಂಗನಿಗೆ ಕಾರ್ಖಾನೆಗೆ ಫೋನು ಬಂದು ಬಂದು ಮೇಸ್ತ್ರಿ ಸಿಡುಕಿದ.

ಭವಾನಿ ತಂಗಿ ಸ್ವರೂಪಾಳ ಬಾಣಂತನಕ್ಕೆಂದು ನಾರಾಯಣಖೇಡಕ್ಕೆ ಹೋದ ವಾರವೇ ಮೋನಮ್ಮ ಇದಕ್ಕೊಂದು ಪರಿಹಾರ ಕಂಡುಕೊಂಡಳು. ಆ ಮನೆಯಲ್ಲಿ ಹಿಂಡಿಗೆ ಬಂದ ಹೊಸ ವಸ್ತು ಯಾವುದಿದ್ದರೂ ಮೊದಲು ದೇವರ ಟಗರಿಗೆ ಮುಟ್ಟಿಸುವ ರೂಢಿ. ಹೊಸ ಗಂಟೆ ಬಂದರೂ ಅಷ್ಟೇ, ಹೊಸ ಕಂಬಳಿ ಬಂದರೂ ಅಷ್ಟೇ. ತಾಯಿಮಣಿಯನ್ನು ಮಾತ್ರ ಮುಟ್ಟಿಸದೆ ಗೂಟಕ್ಕೆ ಕಟ್ಟಿದೆವು, ಅದಕ್ಕೇ ಅದಕ್ಕೆ ನೆಮ್ಮದಿಯಿಲ್ಲ ಎಂದು ಅವಳ ವಾದ.

“ಹಿಂಡು ಕಾಯೋದು ದೇವರ ಟಗರಿನ ಕೊಳ್ಳಾಗ ಇರಬೇಕಪಾ,” ಎಂದಳು ಮಗನಿಗೆ. “ಒಣಗೂಟದ ಮ್ಯಾಲಲ್ಲ.”

ಗುರುಲಿಂಗ ಬೇಡವೆನ್ನಬೇಕಿತ್ತು. ಪ್ರವೀಣಕುಮಾರ ಹೇಳಿದ್ದು ಅವನಿಗೆ ನೆನಪಿತ್ತು. ಆದರೆ ಅವ್ವ ಭಂಡಾರದ ಚೀಲದೊಳಗೆ ತಾಯಿಮಣಿಯನ್ನು ಇಟ್ಟು ಬಾಯಿ ಹೊಲಿದ ದಿನದಿಂದ ಅದರ ಅರಚಾಟ ಕತ್ತರಿಸಿದಂತೆ ನಿಂತಿತು. ಟಗರು ಎಲ್ಲಿಗೇ ಹೋಗಲಿ, ಕುರಿಗಳು ಅದರ ಬೆನ್ನಿಗೇ ಇರುತ್ತಿದ್ದವು. ಮೊಬೈಲಿನ ತುಂಬ ಹಸಿರು. ಅವನು ಗೂಟವನ್ನು ಕಿತ್ತು ತಂದು ಅಂಗಳದ ಗೋಡೆಗೆ ಒರಗಿಸಿದ. ಅಪ್ಪನಿಗೆ ಹೇಳಬೇಕೆಂದುಕೊಂಡ. ಹೇಳಿದರೆ ಅಪ್ಪ ಒಪ್ಪುವುದಿಲ್ಲ, ಮತ್ತೆ ಅದೇ ಅರಚಾಟ, ಅದೇ ಫೋನು, ಅದೇ ಮೇಸ್ತ್ರಿ. ಮರುದಿನ ಮುಂಜಾನೆ ಅಪ್ಪ ಗೂಟ ಬಡದಿ ಏನೋ ಎಂದು ಕೇಳಿದಾಗ ಅವನ ಬಾಯಿಂದ ಬಡದೀನಿ ಅಪ್ಪಾ ಎಂಬ ಮಾತು ತಾನಾಗಿ ಬಂತು. ಆಮೇಲೆ ರೂಢಿಯಾಯಿತು.

ಸುಳಿವುಗಳು ಇರಲಿಲ್ಲವೆಂದಲ್ಲ. ತಾಂಡೂರಿನ ಬಸ್‌ಸ್ಟ್ಯಾಂಡಿನಲ್ಲಿ ಮನ್ಮಥಪ್ಪ ಸಿಕ್ಕಿದ. ಹಳೆಯ ಖಣಿಯ ಆಚೆ ಈಗ ನಡೆಯುತ್ತಿರುವ ಖಣಿಯ ಕಾವಲುಗಾರ ಅವನು. ನಿಮ್ಮ ಹಿಂಡು ಹಳೆಯ ಖಣಿಯ ಅಂಚಿನಲ್ಲಿ ಮೇಯುತ್ತಿತ್ತಲ್ಲ, ಟಗರಂತೂ ಮುಂದಕ್ಕೆ ಚಾಚಿಕೊಂಡಿರುವ ಬಂಡೆಯ ತುದಿಗೆ ಹೋಗಿ ನಿಂತು ಕಲ್ಲು ನೆಕ್ಕುತ್ತಿತ್ತು, ಮುದುಕ ಹಿಂದೆ ನಿಂತಿದ್ದ ಎಂದ. ಗುರುಲಿಂಗ ನಕ್ಕು ಮೊಬೈಲು ತೆಗೆದು ತೋರಿಸಿದ. ಇಲ್ಲಿ ನೋಡು, ಎಲ್ಲ ಹಸಿರು, ಒಂದೂ ದೂರ ಹೋಗಿಲ್ಲ, ನೀನು ಬೇರೆ ಯಾರದೋ ಹಿಂಡು ಕಂಡಿರಬೇಕು. ಮನ್ಮಥಪ್ಪ ಮೊಬೈಲನ್ನೂ ನೋಡಿದ, ಅವನ ಮುಖವನ್ನೂ ನೋಡಿದ, ಬಸ್ಸು ಹತ್ತಿದ.

ಇನ್ನೊಂದು ಸಂಜೆ ಟಗರಿನ ಕಾಲು ಮೊಣಕಾಲಿನ ತನಕ ಬೆಳ್ಳಗಾಗಿತ್ತು. ಕಾರ್ಖಾನೆಯಲ್ಲಿ ದಿನಾ ಕಲ್ಲಿನ ಹಿಟ್ಟು ಮೆತ್ತಿಕೊಂಡು ಬರುವ ಗುರುಲಿಂಗನಿಗೆ ಅದು ಏನೆಂದು ನೋಡಿದ ಕೂಡಲೇ ಗೊತ್ತಾಗಬೇಕಿತ್ತು. ಗೊತ್ತಾಯಿತು ಕೂಡ. ಮೋನಮ್ಮ ಮಾತ್ರ ದೇವರು ತಾನೇ ವಿಭೂತಿ ಧರಿಸಿಕೊಂಡಿದ್ದಾನೆಂದು ಆ ಬಿಳಿಯನ್ನು ಬೆರಳಿಗೆ ತೆಗೆದುಕೊಂಡು ಹಣೆಗೆ ಹಚ್ಚಿಕೊಂಡಳು, ಮಗನ ಹಣೆಗೂ ಹಚ್ಚಿದಳು. ಅವನು ಮೊಬೈಲು ತೆಗೆದು ನೋಡಿದ. ಚಂದ್ರಗಳು ಮೂಡುತ್ತಿದ್ದವು, ಕುರಿ ಒಂದೂ ಕಡಿಮೆಯಾಗಿರಲಿಲ್ಲ. ನಾಳೆ ಗೂಟ ಬಡಿದರಾಯಿತು ಎಂದುಕೊಂಡ. ನಾಳೆ ಎನ್ನುವವನ ಮನೆ ಹಾಳು ಎಂಬ ಮಾತು ಅವನಿಗೂ ಗೊತ್ತಿತ್ತು.

ಭವಾನಿ ನಾರಾಯಣಖೇಡದಿಂದ ಬಂದಾಗ ಮುಖ ಅರಳಿತ್ತು. ಅಲ್ಲಿಂದಲೇ ದಿನಾ ಮೊಬೈಲಿನಲ್ಲಿ ನೋಡುತ್ತಿದ್ದಳಂತೆ, ಒಮ್ಮೆಯೂ ಕೆಂಪಾಗಲಿಲ್ಲವಂತೆ, ಆ ಧೈರ್ಯದ ಮೇಲೆಯೇ ಎರಡು ದಿನ ಹೆಚ್ಚಿಗೆ ಉಳಿದಳಂತೆ. ಮಾವ ಹಿಂಡನ್ನು ಹೇಗೆ ಹದಕ್ಕೆ ತಂದರು ನೋಡಿ ಎಂದು ಹೊಗಳಿದಳು. ಕಾಶಪ್ಪ ಹಲ್ಲಿಲ್ಲದ ಬಾಯಿ ತೆರೆದು ಮಗುವಿನಂತೆ ನಕ್ಕ. ಗುರುಲಿಂಗ ತಟ್ಟೆಯಿಂದ ತಲೆ ಎತ್ತಲಿಲ್ಲ.

ಮರುದಿನ ಮುಂಜಾನೆ ಮಂಜು ಇಳಿಯಿತು. ಆ ಭಾಗದಲ್ಲಿ ಚಳಿಗಾಲದ ಕೆಲವು ದಿನ ಹೀಗಾಗುತ್ತದೆ, ಎದುರು ಮನೆಯ ಬಾಗಿಲೂ ಕಾಣುವುದಿಲ್ಲ. ಇವತ್ತೊಂದು ದಿನ ಬೇಡ ಎಂದು ಭವಾನಿ ಹೇಳಿದಳು. ಕಾಶಪ್ಪ ನಕ್ಕ.

“ನನಗ ದಿನಾ ಮಂಜೇ ಅಲ್ಲೇನವ್ವಾ,” ಎಂದ. “ಇವತ್ತು ಎಲ್ಲಾರೂ ನನ್ನಂಗ ಆಗ್ಯಾರ, ಅಷ್ಟ.” ಆಮೇಲೆ ಮಗನ ಕಡೆ ತಿರುಗಿ ಗೂಟದ ಮಾತು ಕೇಳಿದ. ಗುರುಲಿಂಗ ಹೆಂಡತಿಯ ಎದುರಿಗೇ, ಬಡದೀನಿ ಎಂದ.

ಟಗರು ಮುಂದೆ, ಹಿಂಡು ಹಿಂದೆ, ಮುದುಕ ಅದರ ಹಿಂದೆ. ನಾಲ್ಕು ಹೆಜ್ಜೆಗೆ ಎಲ್ಲವನ್ನೂ ಮಂಜು ನುಂಗಿತು. ಗೊರಸಿನ ಸದ್ದು ಮಾತ್ರ ಸ್ವಲ್ಪ ಹೊತ್ತು ಕೇಳಿ ಅದೂ ನಿಂತಿತು.

ಅವನಿಗೆ ಅವತ್ತು ಮಧ್ಯಾಹ್ನದ ಪಾಳಿ. ಒಲೆಯ ಮುಂದೆ ಕೂತು ಚಹಾ ಕುಡಿಯುತ್ತಿದ್ದ. ಮೋನಮ್ಮ ದೊಡ್ಡಿ ಗುಡಿಸುತ್ತಿದ್ದಳು. ಭವಾನಿ ಮೊಬೈಲು ನೋಡುತ್ತ ರೊಟ್ಟಿ ಬಡಿಯುತ್ತಿದ್ದಳು. ಇದ್ದಕ್ಕಿದ್ದಂತೆ ರೊಟ್ಟಿಯ ಸದ್ದು ನಿಂತಿತು. ಒಂದು ಕುರಿಗೆ ಚಂದ್ರ ಬಂತು ಎಂದಳು. ಮತ್ತೊಂದಕ್ಕೂ ಬಂತು ಎಂದಳು. ಗುರುಲಿಂಗ ಬಗ್ಗಿ ನೋಡಿದ. ಚುಕ್ಕೆಗಳೆಲ್ಲ ಹಸಿರೇ, ಅಂಕಿಗಳೆಲ್ಲ ಸಣ್ಣವೇ. ಹತ್ತಿರ ಹತ್ತಿರ ಕೂತು ವಿಶ್ರಾಂತಿ ತೆಗೆದುಕೊಳ್ಳುತ್ತಿರಬೇಕು ಎಂದ. ಭವಾನಿ ಅವನ ಮುಖ ನೋಡಿದಳು.

“ಹಸಿ ಹುಲ್ಲಿನ ಮ್ಯಾಲ, ಮೇಯೋ ಹೊತ್ತಿನ್ಯಾಗ, ಕುರಿ ಮಲಗ್ತಾವೇನ್ರಿ?”

ಅವರು ನೋಡುತ್ತಿದ್ದಂತೆಯೇ ಇನ್ನೂ ಮೂರು ಚಂದ್ರ ಮೂಡಿದವು. ಆಮೇಲೆ ‘ಮಾವ’ ಎಂದು ಬರೆದಿದ್ದ ಚುಕ್ಕೆಯ ಮೇಲೂ ಒಂದು ಮೂಡಿತು. ಭವಾನಿ ಎದ್ದು ಹಿಟ್ಟಿನ ಕೈಯಲ್ಲೇ ಅಂಗಳಕ್ಕೆ ಬಂದಳು. ಅಲ್ಲಿ ಗೋಡೆಗೆ ಒರಗಿಸಿದ್ದ ಗೂಟ ಅವಳ ಕಣ್ಣಿಗೆ ಬಿತ್ತು. ಅದರ ತುದಿಯಲ್ಲಿ ಜೇಡ ಬಲೆ ಕಟ್ಟಿತ್ತು, ಬಲೆಯ ಮೇಲೆ ಮಂಜಿನ ಹನಿಗಳು ಕೂತಿದ್ದವು. ತಾಯಿಮಣಿ ಎಲ್ಲಿ ಎಂದು ಕೇಳಿದಳು. ಟಗರಿನ ಕೊರಳಲ್ಲಿ ಎಂದ ಗುರುಲಿಂಗ. ಹಾಗೆ ಹೇಳುವಾಗ ಮೊದಲ ಸಲ ಅವನ ಕಿವಿಗೇ ಆ ಮಾತು ಸರಿಯಾಗಿ ಕೇಳಿಸಿತು.

“ಹಂಗಾದ್ರ ಇವೆಲ್ಲಾ ಯಾವುದಕ್ಕ ಹತ್ತಿರ ಅವ?” ಎಂದಳು ಭವಾನಿ.

ಇಬ್ಬರೂ ಹಳೆಯ ಖಣಿಯ ಕಡೆ ಓಡಿದರು. ಬೀಳಿನ ಹುಲ್ಲು ಮೊಣಕಾಲಿನ ತನಕ ತೋಯಿಸಿತು. ಗುರುಲಿಂಗ ಅಪ್ಪಾ ಎಂದು ಕೂಗಿದ, ಮಂಜು ಅವನ ಕೂಗನ್ನು ಹಿಂದಕ್ಕೂ ಕೊಡಲಿಲ್ಲ. ಭವಾನಿ ಕೈಯಲ್ಲಿ ಮೊಬೈಲು ಹಿಡಿದೇ ಓಡುತ್ತಿದ್ದಳು. ನಡುವೆ ಒಮ್ಮೆ ನಿಂತು, ಮಾವನ ಚಂದ್ರ ಹೋಯಿತು, ಕೋಲು ಅಲ್ಲಾಡುತ್ತಿದೆ ಎಂದು ಅಳುತ್ತಲೇ ಹೇಳಿದಳು. ಅವನ ಕಾಲಿಗೆ ಹೊಸ ಬಲ ಬಂತು. ಬೀರಪ್ಪಾ, ಇದೊಂದು ಸಲ ಕಾಯಿ, ಇವತ್ತೇ ಗೂಟ ಬಡಿಯುತ್ತೇನೆ ಎಂದು ಮನಸ್ಸಿನಲ್ಲೇ ಹರಕೆ ಹೊತ್ತ.

ಮೊದಲು ಕಂಡದ್ದು ಟಗರು. ಚಾಚಿದ ಬಂಡೆಯ ತುದಿಯಲ್ಲಿ ನಿಂತು ನೆಮ್ಮದಿಯಿಂದ ಕಲ್ಲು ನೆಕ್ಕುತ್ತಿತ್ತು. ಕೊರಳಲ್ಲಿ ಅರಿಶಿನದ ಚೀಲ. ಅದರ ಹಿಂದೆ ಒಂದಷ್ಟು ಕುರಿಗಳು ಒತ್ತಿಕೊಂಡು ನಡುಗುತ್ತಿದ್ದವು. ಮಂಜಿನಲ್ಲಿ ಹಿಂದಿನವು ಮುಂದಿನವನ್ನು ನೂಕಿವೆ, ಪಕ್ಕದವು ಜಾರಿವೆ. ಅವುಗಳ ಅರಚಾಟ ಕೇಳಿ ಮುದುಕ ಹತ್ತಿರಕ್ಕೆ ಬಂದಿದ್ದಾನೆ. ತಾಯಿಮಣಿ ಸುಮ್ಮನಿದೆ ಎಂದರೆ ತಾನಿನ್ನೂ ಬೀಳಿನ ನಡುವೆಯೇ ಇದ್ದೇನೆಂದು ಅವನು ನಂಬಿದ್ದ.

ಮಾವ ಇಲ್ಲೇ ಇದ್ದಾರೆ, ಟಗರಿನಿಂದ ಆರೇ ಮೀಟರ್ ಎಂದಳು ಭವಾನಿ ಪರದೆ ನೋಡುತ್ತ. ಗುರುಲಿಂಗ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ಹಿಂದೆ ನೋಡಿದ. ಮನುಷ್ಯರಾರೂ ಇರಲಿಲ್ಲ. ಮಣಿ ಎಷ್ಟು ದೂರ ಎಂದು ಹೇಳುತ್ತಿತ್ತು, ಯಾವ ಕಡೆ ಎಂದು ಹೇಳುತ್ತಿರಲಿಲ್ಲ. ಆಗ ಕೆಳಗಿನಿಂದ ಕಲ್ಲಿಗೆ ಕೋಲು ಕುಟ್ಟುವ ಸದ್ದು ಕೇಳಿಸಿತು.

ಮನ್ಮಥಪ್ಪನಿಗೆ ಫೋನು ಮಾಡಿ ಹಗ್ಗ ತರಿಸು ಎಂದು ಹೆಂಡತಿಗೆ ಹೇಳಿ ಅವನು ಆಚೆ ಬದಿಯ ಲಾರಿ ದಾರಿಯಿಂದ ಕೆಳಗಿಳಿದ. ಕಾಶಪ್ಪ ಸತ್ತ ಕುರಿಗಳ ನಡುವೆ ಅಂಗಾತ ಬಿದ್ದಿದ್ದ. ಕಂಬಳಿ ಒದ್ದೆಯಾಗಿತ್ತು, ಅದು ಮಂಜಿನ ನೀರಲ್ಲ. ಕೈ ಮಾತ್ರ ಬಿಡದೆ ಕೋಲು ಕುಟ್ಟುತ್ತಿತ್ತು. ಮಗನ ಕೈ ತಾಗಿದ ಕೂಡಲೇ ಗುರುತು ಹಿಡಿದ. ಗುರುಲಿಂಗ ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡ. ತನ್ನ ಕೈಯಾರೆ ಅಪ್ಪನನ್ನು ಇಲ್ಲಿಗೆ ನೂಕಿದಂತೆ ಅವನಿಗೆ ಅನ್ನಿಸಿತು, ಅನ್ನಿಸಿದ್ದು ಸುಳ್ಳೂ ಆಗಿರಲಿಲ್ಲ.

“ತಾಯಿಮಣಿ ಒದರಲೇ ಇಲ್ಲೋ ಗುರು,” ಎಂದ ಮುದುಕ. ಉಸಿರು ಹಿಡಿದು ಹಿಡಿದು ಬರುತ್ತಿತ್ತು. “ಗೂಟ ಕಿತ್ತು ಬಂದಿತ್ತೇನು?”

ಗುರುಲಿಂಗ ಬಾಯಿ ತೆರೆದ.

“ಹೂಂ ಅಪ್ಪಾ. ಕಿತ್ತಿತ್ತು.”

“ಮತ್ತ ನಿಂದೇನ ತಪ್ಪಿಲ್ಲ ಬಿಡು,” ಎಂದ ಕಾಶಪ್ಪ. “ನೀ ಬಡದಿದ್ದಿ.”

ಆಮೇಲೆ ಕೋಲು ಒಂದೆರಡು ಸಲ ಕಲ್ಲನ್ನು ಮುಟ್ಟಿತು, ಸದ್ದಾಗಲಿಲ್ಲ. ಬೆರಳುಗಳು ಸಡಿಲವಾಗಿ ಕೋಲು ಪಕ್ಕಕ್ಕೆ ಉರುಳಿ ನಿಂತಿತು. ಗುರುಲಿಂಗ ಅದನ್ನು ಮತ್ತೆ ಅಪ್ಪನ ಕೈಗೆ ಕೊಟ್ಟ. ಕೈ ಹಿಡಿಯಲಿಲ್ಲ. ಅವನು ಅಲ್ಲಾಡದೆ ಕೂತ. ಎಷ್ಟು ಹೊತ್ತು ಕೂತನೋ, ಮೇಲೆ ಮಂಜಿನೊಳಗಿಂದ ಭವಾನಿಯ ದನಿ ಬಂತು. ಅವಳಿಗೆ ಕೆಳಗಿನದು ಏನೂ ಕಾಣುತ್ತಿರಲಿಲ್ಲ.

“ಮಾವಂದು ಮತ್ತ ಚಂದ್ರ ಬಂದದ್ರೀ. ಮಲಗ್ಯಾರೇನು?”

ಅವಳು ಮತ್ತೆ ಕೇಳಿದಳು. ಬಂಡೆಯ ಮೇಲೆ ಟಗರು ಕೊರಳು ಕೊಡವಿತು, ಚೀಲದಿಂದ ಚಿಟಿಕೆಯಷ್ಟು ಭಂಡಾರ ಉದುರಿ ಅಪ್ಪನ ಕಂಬಳಿಯ ಮೇಲೆ ಬಿತ್ತು. ಚೀಲದೊಳಗೆ ತಾಯಿಮಣಿ ಸುಮ್ಮನೆ ಇತ್ತು. ಅದರ ಲೆಕ್ಕದಲ್ಲಿ ಎಲ್ಲರೂ ಹತ್ತಿರದಲ್ಲೇ ಇದ್ದರು.